ಕೊಡಗಿನ ಬಚ್ಚಲುಮನೆ: ಮೊದಲು ಒಣಗಲಿ, ಆಮೇಲೆ ಅಂದವಾಗಲಿ

ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಕಳೆಯುವವರೆಗೂ ಕೊಡಗಿನ ಬಚ್ಚಲುಮನೆಗೆ ಒಣಗುವ ಯೋಗವಿಲ್ಲ. ಬೆಳಿಗ್ಗೆ ಒರೆಸಿದ ನೆಲ ಸಂಜೆಗೂ ಒದ್ದೆ, ಗೂಟಕ್ಕೆ ಹಾಕಿದ ಟವೆಲ್‌ಗೆ ಮುಗ್ಗು ವಾಸನೆ, ಚಾವಣಿಯ ಮೂಲೆಯಲ್ಲಿ ಕಪ್ಪು ಚುಕ್ಕಿಗಳು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತ ಬಹಳ ಹೆಚ್ಚು, ಕುಶಾಲನಗರದಲ್ಲಿ ಅದರ ಮೂರನೇ ಒಂದು ಭಾಗದ ಆಸುಪಾಸು. ಬಯಲುಸೀಮೆಯ ಮನೆಗೆ ಹೊಂದುವ ಸಲಹೆಯನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಿದರೆ ಹಣ ಖರ್ಚಾಗುತ್ತದೆ, ಒದ್ದೆ ಮಾತ್ರ ಇದ್ದಲ್ಲೇ ಇರುತ್ತದೆ.

ಲಕ್ಷ ಸುರಿದು ಹೊಸ ಟೈಲ್ಸ್ ಹಾಕಿಸಿ ಎರಡೇ ಮಳೆಗಾಲಕ್ಕೆ ಸಂದುಗಳೆಲ್ಲ ಕಪ್ಪಾದ ಬಚ್ಚಲುಗಳನ್ನು ನಮ್ಮ ಸುತ್ತಮುತ್ತ ಸಾಕಷ್ಟು ನೋಡಿದ್ದೇನೆ. ಅಲ್ಲೆಲ್ಲ ಟೈಲ್ಸ್ ಚೆನ್ನಾಗಿಯೇ ಇತ್ತು, ಕೆಲಸದ ಕ್ರಮ ತಲೆಕೆಳಗಾಗಿತ್ತು. ಸೋರಿಕೆ ನಿಲ್ಲಿಸುವುದು ಮೊದಲು. ನೆಲದ ನೀರು ನಿಲ್ಲದೆ ಹರಿದುಹೋಗುವಂತೆ ಮಾಡುವುದು ಅದರ ನಂತರ. ಆಮೇಲೆ ಒಳಗಿನ ಆವಿಗೆ ಹೊರದಾರಿ. ಬಣ್ಣ, ಕನ್ನಡಿ, ದೀಪ, ಹೂಕುಂಡಗಳೆಲ್ಲ ಕೊನೆಗೆ. ಈ ಕ್ರಮದಲ್ಲಿ ಹೋದರೆ ಅರ್ಧದಷ್ಟು ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು, ಉಳಿದರ್ಧಕ್ಕೆ ಯಾರನ್ನು ಕರೆಯಬೇಕೆಂಬುದೂ ಸ್ಪಷ್ಟವಾಗುತ್ತದೆ.

ಯಾವಾಗ ಶುರು ಮಾಡಬೇಕು

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಅಂದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ಬಚ್ಚಲಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಗೋಡೆ ತಾನಾಗಿಯೇ ಒಣಗಿರುತ್ತದೆ, ಕೆಲಸಕ್ಕೆ ಜನ ಸಿಗುತ್ತಾರೆ. ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬಂದರೂ ಎರಡು ದಿನದಲ್ಲಿ ಬಿಸಿಲು ಮರಳುತ್ತದೆ. ಬಾವಿಯಲ್ಲಿ ನೀರು ತಳ ಕಾಣುವ ಮನೆಯವರು ಮಾರ್ಚ್ ಮಧ್ಯದೊಳಗೆ ಮುಗಿಸಿಕೊಳ್ಳುವುದು ಲೇಸು, ಏಕೆಂದರೆ ಗಾರೆ ಕೆಲಸಕ್ಕೂ ಅದರ ಕ್ಯೂರಿಂಗ್‌ಗೂ ನೀರು ಬೇಕು.

ಆದರೆ ಸೋರಿಕೆ ಎಲ್ಲಿದೆ ಎಂದು ಗುರುತಿಸುವ ಕೆಲಸಕ್ಕೆ ಕಕ್ಕಡ ತಿಂಗಳೇ ಸರಿ. ಜುಲೈ–ಆಗಸ್ಟ್‌ನ ಆ ಬಿರುಮಳೆಯಲ್ಲಿ ಬಚ್ಚಲಿನ ನಾಲ್ಕೂ ಗೋಡೆಗಳ ಫೋಟೊಗಳನ್ನು ಮೊಬೈಲ್‌ನಲ್ಲಿ ತೆಗೆದಿಡಿ. ಒದ್ದೆಯ ಅಂಚು ಎಲ್ಲಿಯವರೆಗೆ ಏರಿದೆ ಎಂದು ಪೆನ್ಸಿಲ್‌ನಿಂದ ಗೀಟು ಎಳೆದು ತಾರೀಕು ಬರೆಯಿರಿ. ಮಾರ್ಚ್‌ನಲ್ಲಿ ಗೋಡೆ ಒಣಗಿ ಎಲ್ಲವೂ ಸರಿಯಿದ್ದಂತೆ ಕಾಣುವಾಗ ಈ ಗೀಟುಗಳೇ ನಿಮಗೆ ಸಾಕ್ಷಿ.

ಒದ್ದೆ ಎಲ್ಲಿಂದ ಬರುತ್ತಿದೆ

ಗೋಡೆಯ ಒದ್ದೆಗೆ ಮೂರು ಮೂಲಗಳಿರುತ್ತವೆ: ಹೊರಗಿನ ಮಳೆ ಅಥವಾ ಮಣ್ಣಿನ ನೀರು, ಒಳಗಿನ ಪೈಪು ಮತ್ತು ನೆಲದ ಸೋರಿಕೆ, ಸ್ನಾನದ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುವುದು. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚುವುದರಿಂದಲೇ ಹೆಚ್ಚಿನ ಹಣ ಪೋಲಾಗುವುದು. ಆದ್ದರಿಂದ ಅಂಗಡಿಗೆ ಹೋಗಿ ವಾಟರ್‌ಪ್ರೂಫ್ ಡಬ್ಬ ಕೊಳ್ಳುವ ಮೊದಲು ಈ ಪರೀಕ್ಷೆಗಳನ್ನು ಮಾಡಿ.

ಒದ್ದೆಯಾಗುವ ಗೋಡೆಯ ಮೇಲೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ನಾಲ್ಕೂ ಅಂಚಿಗೆ ಟೇಪ್ ಒತ್ತಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹೊರಮೈ ಮೇಲೆ ಹನಿ ಕಟ್ಟಿದರೆ ಅದು ಕೋಣೆಯ ಆವಿ. ಹಾಳೆಯ ಹಿಂಬದಿಯಲ್ಲಿ, ಗೋಡೆಯ ಕಡೆ ಹನಿ ಕಟ್ಟಿದರೆ ಗೋಡೆಯೊಳಗಿನಿಂದಲೇ ನೀರು ಒಸರುತ್ತಿದೆ.

ರಾತ್ರಿ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ, ಟ್ಯಾಂಕಿಗೆ ಬರುವ ನೀರನ್ನೂ ಕಟ್ಟಿ, ಟ್ಯಾಂಕಿನೊಳಗೆ ನೀರಿನ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಪೈಪಿನಲ್ಲೋ ಫ್ಲಶ್ ಟ್ಯಾಂಕಿನಲ್ಲೋ ಸೋರಿಕೆ ಇದೆ. ಯಾವುದರಲ್ಲಿ ಎಂದು ತಿಳಿಯಲು ಫ್ಲಶ್ ಟ್ಯಾಂಕಿಗೆ ಅರ್ಧ ಲೋಟ ಕಡು ಕಾಫಿ ಡಿಕಾಕ್ಷನ್ ಸುರಿದು, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನ ನೀರಿಗೆ ಕಂದು ಬಣ್ಣ ಇಳಿದರೆ ಟ್ಯಾಂಕಿನ ತಳದ ರಬ್ಬರ್ ಸೀಲ್ ಸವೆದಿದೆ.

ನೆಲ ಸೋರುತ್ತಿದೆಯೇ ಎಂಬ ಅನುಮಾನವಿದ್ದರೆ, ನೆಲದ ನೀರು ಹೊರಹೋಗುವ ತೂತಿನಲ್ಲಿರುವ ನಹಾನಿ ಟ್ರ್ಯಾಪ್‌ನ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ಬಿಗಿಯಾಗಿ ತುರುಕಿ, ನೆಲದ ಮೇಲೆ ಎರಡು–ಮೂರು ಸೆಂಟಿಮೀಟರ್ ನೀರು ನಿಲ್ಲಿಸಿ, ಮಟ್ಟದ ಗುರುತು ಹಾಕಿ 24 ಗಂಟೆ ಬಿಡಿ. ಕೆಳಗಿನ ಕೋಣೆಯ ಚಾವಣಿ ಮತ್ತು ಪಕ್ಕದ ಕೋಣೆಯ ಗೋಡೆಯ ಬುಡ ನೋಡುತ್ತಿರಿ. ಮನೆಯ ಗೋಡೆ ಮಣ್ಣಿನದಾದರೆ ಈ ಪರೀಕ್ಷೆ ಬೇಡ, ನಿಂತ ನೀರನ್ನು ಅದು ತಾಳುವುದಿಲ್ಲ.

ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದು ಕಟ್ಟಿದ ಮನೆಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಹಿಂಬದಿಯ ಗೋಡೆ ಬರೆಗೆ ಹತ್ತಿರವಿದ್ದು, ಮಳೆಗಾಲದಲ್ಲಿ ಆ ಗೋಡೆಯ ಬುಡ ಮಾತ್ರ ಒದ್ದೆಯಾಗುತ್ತಿದ್ದರೆ ಒಳಗೆ ಏನು ಬಳಿದರೂ ನಿಲ್ಲುವುದಿಲ್ಲ. ಮಣ್ಣಿನ ನೀರು ಗೋಡೆಗೆ ಒತ್ತುತ್ತಿರುತ್ತದೆ. ಗೋಡೆ ಮತ್ತು ಬರೆಯ ನಡುವಿನ ಚರಂಡಿಯಲ್ಲಿ ತುಂಬಿದ ಮಣ್ಣು, ಸಿಲ್ವರ್ ಓಕ್ ಎಲೆಗಳನ್ನು ತೆಗೆದು, ಬಚ್ಚಲಿನ ನೆಲಮಟ್ಟಕ್ಕಿಂತ ಒಂದಡಿ ಕೆಳಗೆ ನೀರು ಹರಿಯುವಂತೆ ಮೇ ತಿಂಗಳಲ್ಲೇ ಬಿಡಿಸಿ. ಬಚ್ಚಲಿನ ನೀರನ್ನು ಬರೆಯ ನೆತ್ತಿಗೋ ಬುಡಕ್ಕೋ ಬಿಡಬೇಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ನೆನೆದ ಬರೆ ಏನು ಮಾಡಬಲ್ಲದೆಂದು ಹೇಳಬೇಕಿಲ್ಲ. ಬರೆಯನ್ನು ಇನ್ನಷ್ಟು ಕಡಿಯುವ ಕೆಲಸವನ್ನಂತೂ ಸ್ವಂತ ಧೈರ್ಯದಲ್ಲಿ ಮಾಡಲೇಬೇಡಿ.

ನಲ್ಲಿ ಮತ್ತು ಫ್ಲಶ್

ಸೆಕೆಂಡಿಗೊಂದು ಹನಿ ಬೀಳುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ನೀರು ಚೆಲ್ಲುತ್ತದೆ, ಆ ನೀರೆಲ್ಲ ನಿಮ್ಮ ನೆಲದ ಸಂದುಗಳ ಮೇಲೆಯೇ ಬೀಳುತ್ತಿರುತ್ತದೆ. ದುರಸ್ತಿಗೆ ಹದಿನೈದು ನಿಮಿಷ ಸಾಕು. ಆಂಗಲ್ ಕಾಕ್ (ನಲ್ಲಿಗೆ ಬರುವ ನೀರು ಕಟ್ಟುವ ಸಣ್ಣ ವಾಲ್ವ್) ಅಥವಾ ಟ್ಯಾಂಕಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ. ನೆಲದ ತೂತಿಗೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಸ್ಕ್ರೂ ಅಲ್ಲಿಗೇ ಹೋಗುತ್ತದೆ. ಹಿಡಿಯ ಮೇಲಿನ ಮುಚ್ಚಳ ಎಬ್ಬಿಸಿ ಸ್ಕ್ರೂ ಬಿಚ್ಚಿ, ಒಳಗಿನ ಸ್ಪಿಂಡಲ್ ಅನ್ನು ಸ್ಪ್ಯಾನರ್‌ನಿಂದ ತೆಗೆಯಿರಿ. ಹಳೆಯ ಮಾದರಿಯ, ಹಲವು ಸುತ್ತು ತಿರುಗಿಸುವ ನಲ್ಲಿಯಾದರೆ ತುದಿಯ ವಾಷರ್ ಬದಲಿಸಿದರೆ ಸಾಕು. ಕಾಲು ಅಥವಾ ಅರ್ಧ ಸುತ್ತಿನ ನಲ್ಲಿಯಾದರೆ ಸ್ಪಿಂಡಲ್ ಅನ್ನೇ ಬದಲಿಸಬೇಕು. ಬಿಚ್ಚಿದ ಭಾಗವನ್ನೇ ಅಂಗಡಿಗೆ ಒಯ್ದು ಅದರ ಜೋಡಿ ತನ್ನಿ, ಅಂದಾಜಿನ ಮೇಲೆ ತಂದದ್ದು ಕೂರುವುದು ಅಪರೂಪ.

ನಲ್ಲಿಯನ್ನೇ ಬದಲಿಸುವುದಾದರೆ ಅದರ ತಿರುಪಿನ ಗೆರೆಗಳ (ಥ್ರೆಡ್) ಮೇಲೆ ಟೆಫ್ಲಾನ್ ಟೇಪನ್ನು ತಿರುಗಿಸಿ ಬಿಗಿಯುವ ದಿಕ್ಕಿನಲ್ಲೇ ಎಂಟು–ಹತ್ತು ಸುತ್ತು ಸುತ್ತಿ. ಕೈಯಲ್ಲಿ ಬಿಗಿಯುವಷ್ಟು ಬಿಗಿದು, ಸ್ಪ್ಯಾನರ್‌ನಲ್ಲಿ ಅರ್ಧದಿಂದ ಒಂದು ಸುತ್ತು. ಅದಕ್ಕಿಂತ ಹೆಚ್ಚು ಬಲ ಹಾಕಿದರೆ ಗೋಡೆಯೊಳಗಿನ ಎಲ್ಬೊ (ಪೈಪಿನ ತಿರುವಿನ ತುಂಡು) ಸೀಳುತ್ತದೆ. ಆಗ ಟೈಲ್ಸ್ ಒಡೆಯದೆ ದಾರಿಯಿಲ್ಲ.

ಕೊಲ್ಲಿಯ (ಬೆಟ್ಟದ ತೊರೆಯ) ನೀರನ್ನೋ ತೋಟದ ಮೇಲ್ಭಾಗದ ಕೆರೆಯ ನೀರನ್ನೋ ಪೈಪಿನಲ್ಲಿ ಇಳಿಸಿಕೊಳ್ಳುವ ಮನೆಗಳಲ್ಲಿ ನಲ್ಲಿ ಸಣ್ಣಗೆ ಬಂದರೆ ಮೊದಲು ಅದರ ಬಾಯಿಯ ಜಾಲರಿ ಬಿಚ್ಚಿ ನೋಡಿ. ನಯವಾದ ಕೆಂಪು ಕೆಸರು, ಮರಳು ಅಲ್ಲಿ ಗಟ್ಟಿಯಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಹಾಕಿ, ಟ್ಯಾಂಕಿನಿಂದ ಹೊರಡುವ ಪೈಪಿಗೆ ಒಂದು ಜಾಲರಿ ಫಿಲ್ಟರ್ ಕೂರಿಸಿ. ಪ್ರತಿ 10 ಮೀಟರ್ ಎತ್ತರಕ್ಕೆ ನೀರಿನ ಒತ್ತಡ ಒಂದು ಬಾರ್‌ನಷ್ಟು ಏರುತ್ತದೆ. ಟ್ಯಾಂಕ್ ಗುಡ್ಡದ ಬಹಳ ಮೇಲಿದ್ದರೆ ಗೀಸರ್‌ಗೂ ಫ್ಲಶ್ ವಾಲ್ವ್‌ಗೂ ಅದು ಅತಿಯಾಗುತ್ತದೆ. ಅಂಥಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸುವುದು ಕ್ಷೇಮ.

ನೆಲ, ಸಂದು, ಮೂಲೆ

ಒಂದು ಬಕೆಟ್ ನೀರು ನೆಲಕ್ಕೆ ಚೆಲ್ಲಿ, ಹತ್ತು ನಿಮಿಷ ಬಿಟ್ಟು ಬಂದು ನೋಡಿ. ಎಲ್ಲಿ ನೀರು ನಿಂತಿದೆಯೋ ಅಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ. ತೂತಿನ ಕಡೆಗೆ ಮೀಟರಿಗೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಇಳಿಜಾರು ಇರಬೇಕು. ಒಂದೆರಡು ಟೈಲ್ಸ್ ಮಾತ್ರ ತಗ್ಗಾಗಿದ್ದರೆ ಅವನ್ನಷ್ಟೇ ಎಬ್ಬಿಸಿ ಕೂರಿಸಬಹುದು. ಇಡೀ ನೆಲವೇ ಬಾಗಿಲ ಕಡೆಗೆ ವಾಲಿದ್ದರೆ ನೆಲ ಒಡೆಸದೆ ಬೇರೆ ಉಪಾಯವಿಲ್ಲ, ತೇಪೆ ಹಚ್ಚುತ್ತ ಕೂರಬೇಡಿ.

ಆಮೇಲೆ ಸ್ಕ್ರೂಡ್ರೈವರ್‌ನ ಹಿಡಿಯಿಂದ ಒಂದೊಂದೇ ಟೈಲ್ಸ್ ಕುಟ್ಟಿ ಕೇಳಿ. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ಬಿಟ್ಟಿದೆ. ಟೊಳ್ಳು ಟೈಲ್ಸ್‌ನ ಸಂದಿಗೆ ಎಷ್ಟು ಗ್ರೌಟ್ (ಸಂದು ಮುಚ್ಚುವ ಲೇಪ) ತುಂಬಿದರೂ ಕಾಲಿಟ್ಟಾಗೆಲ್ಲ ಅಲುಗಿ ಬಿರಿಯುತ್ತದೆ. ಅದನ್ನು ಮೊದಲು ಕಿತ್ತು ಟೈಲ್ಸ್ ಅಂಟಿನಿಂದ ಹೊಸದಾಗಿ ಕೂರಿಸಿ.

ಗ್ರೌಟ್ ಬದಲಿಸುವುದು ತಾಳ್ಮೆ ಕೇಳುವ ಕೆಲಸ, ಕಷ್ಟದ್ದೇನಲ್ಲ. ಕಪ್ಪಾದ ಹಳೆಯ ಗ್ರೌಟ್‌ನ ಮೇಲೆಯೇ ಹೊಸದನ್ನು ಸವರಿದರೆ ತಿಂಗಳೊಳಗೆ ಸಿಪ್ಪೆಯಾಗಿ ಎದ್ದು ಬರುತ್ತದೆ. ಗ್ರೌಟ್ ಕೆರೆಯುವ ಗರಗಸದಿಂದ ಸಂದಿನ ಆಳದ ಮೂರನೇ ಎರಡು ಭಾಗದಷ್ಟಾದರೂ ಕೆರೆದು ತೆಗೆಯಿರಿ. ಟೈಲ್ಸ್‌ನ ಅಂಚಿಗೆ ತಾಗಿಸದಂತೆ ಸಂದಿನ ನಡುವೆ ಎಳೆಯಿರಿ. ಪುಡಿಯನ್ನು ಬ್ರಷ್‌ನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಒಂದು ದಿನ ಒಣಗಲು ಬಿಡಿ.

ಸಿಮೆಂಟ್ ಗ್ರೌಟ್ ಅಗ್ಗ, ಕೈಗೆ ಸುಲಭ. ಆದರೆ ಅದು ನೀರು ಹೀರುತ್ತದೆ. ನಮ್ಮ ಹವೆಗೆ ನೆಲಕ್ಕೂ ಸ್ನಾನ ಮಾಡುವ ಜಾಗದ ಗೋಡೆಗೂ ಎಪಾಕ್ಸಿ ಗ್ರೌಟ್ ಹಾಕಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ. ಬೆಲೆ ಹಲವು ಪಟ್ಟು ಹೆಚ್ಚು ನಿಜ, ಆದರೆ ನೀರು ಹೀರದ ಸಂದಿನಲ್ಲಿ ಬೂಷ್ಟಿಗೆ ಬೇರೂರಲು ಜಾಗವಿಲ್ಲ. ಉಳಿದ ಗೋಡೆಗಳಿಗೆ ಸಿಮೆಂಟ್ ಗ್ರೌಟ್ ಸಾಕು.

ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲೇ ಕಲಸಿ. ಒಮ್ಮೆಗೆ ಮುಕ್ಕಾಲು ಗಂಟೆಯೊಳಗೆ ಮುಗಿಸುವಷ್ಟು ಮಾತ್ರ ಕಲಸಿ, ಏಕೆಂದರೆ ಆಮೇಲೆ ಅದು ಗಟ್ಟಿಯಾಗುತ್ತ ಹೋಗುತ್ತದೆ. ರಬ್ಬರ್ ಪಟ್ಟಿಯನ್ನು ಸಂದಿಗೆ ಓರೆಯಾಗಿ ಹಿಡಿದು ಒತ್ತಿ ತುಂಬಿ. ಸಂದಿಯ ಉದ್ದಕ್ಕೇ ನೇರ ಎಳೆದರೆ ತುಂಬಿದ್ದನ್ನೆಲ್ಲ ಪಟ್ಟಿಯೇ ಕೆದಕಿ ತೆಗೆದುಬಿಡುತ್ತದೆ. ಟೈಲ್ಸ್ ಮೇಲೆ ಉಳಿದ ಪದರವನ್ನು ಗಟ್ಟಿಯಾಗುವ ಮೊದಲೇ ಒದ್ದೆ ಸ್ಪಂಜಿನಿಂದ ಪೂರ್ತಿ ಒರೆಸಿ. ದೊರಗು ಟೈಲ್ಸ್ ಮೇಲೆ ಮರುದಿನ ಕಂಡ ಎಪಾಕ್ಸಿ ಕಲೆ ಜನ್ಮಕ್ಕೆ ಹೋಗುವುದಿಲ್ಲ.

ಗೋಡೆ–ನೆಲ ಸೇರುವ ಮೂಲೆಗಳಲ್ಲಿ, ವಾಷ್‌ಬೇಸಿನ್ ಗೋಡೆಗೆ ತಾಗುವಲ್ಲಿ ಗ್ರೌಟ್ ನಿಲ್ಲುವುದಿಲ್ಲ. ಗೋಡೆ ಮತ್ತು ನೆಲ ಬೇರೆ ಬೇರೆಯಾಗಿ ಹಿಗ್ಗುತ್ತ ಕುಗ್ಗುತ್ತ ಇರುವುದರಿಂದ ಅಲ್ಲಿ ಬಾಗುವ ವಸ್ತು ಬೇಕು. ಅದಕ್ಕೆ ಸಿಲಿಕೋನ್. ಬೂಷ್ಟು ತಡೆಯುವ ಸ್ಯಾನಿಟರಿ ಸಿಲಿಕೋನ್ ಎಂದು ಕೇಳಿ ತನ್ನಿ. ವಿನೆಗರ್ ವಾಸನೆಯ ಸಿಲಿಕೋನ್ ಅಮೃತಶಿಲೆಗೂ ಸಿಮೆಂಟ್ ಮೈಗೂ ಹೊಂದುವುದಿಲ್ಲ, ಅಂಥಲ್ಲಿ ನ್ಯೂಟ್ರಲ್ ಮಾದರಿ ಬೇಕು.

ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಎರಡೂ ಅಂಚಿನಲ್ಲಿ ಕೊಯ್ದು, ಪಟ್ಟಿಯಾಗಿ ಎಳೆದು ತೆಗೆಯಿರಿ. ಚೂರು ಉಳಿದರೂ ಹೊಸದು ಅಲ್ಲಿ ಅಂಟುವುದಿಲ್ಲ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ. ಇನ್ನು ಮುಖ್ಯವಾದ ಮಾತು: ಸಂದು ಒಳಗಿನಿಂದ ಒಣಗಿರಬೇಕು. ಮೇಲ್ಮೈ ಒಣಗಿದಂತೆ ಕಂಡರೂ ಬೇಸಿನ್‌ನ ಹಿಂದೆ ನೀರು ನಿಂತಿರುತ್ತದೆ. ಎರಡು ದಿನ ಆ ಬಚ್ಚಲನ್ನು ಬಳಸದೆ, ಟೇಬಲ್ ಫ್ಯಾನ್ ಅನ್ನು ಬಾಗಿಲ ಹೊರಗಿಟ್ಟು ಗಾಳಿ ಒಳಗೆ ಬೀಸುವಂತೆ ತಿರುಗಿಸಿಡಿ. ಒಂದು ಟಿಶ್ಯೂ ಕಾಗದವನ್ನು ಮಡಚಿ ಸಂದಿಗೆ ತುರುಕಿ ತೆಗೆದು ನೋಡಿ. ಅದು ಒದ್ದೆಯಾಗಿ ಬಂದರೆ ಇನ್ನೂ ಒಂದು ದಿನ ಕಾಯಿರಿ.

ಸಂದಿನ ಎರಡೂ ಬದಿಗೆ ಕಾಗದದ ಟೇಪ್ ಅಂಟಿಸಿ. ಕೊಳವೆಯ ಮೂತಿಯನ್ನು ಸಂದಿನಷ್ಟೇ ಅಗಲಕ್ಕೆ ಓರೆಯಾಗಿ ಕತ್ತರಿಸಿ, ನಿಲ್ಲಿಸದೆ ಒಂದೇ ಸಮನೆ ಎಳೆಯಿರಿ. ಸಾಬೂನು ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಸಲ ನೀವಿ, ಸಿಲಿಕೋನ್ ಹಸಿಯಿರುವಾಗಲೇ ಟೇಪ್ ಕಿತ್ತುಬಿಡಿ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಯೇ, ಆದ್ದರಿಂದ ಕೊಡಗಿನ ತೇವದ ಗಾಳಿ ಅದಕ್ಕೆ ಅಡ್ಡಿಯಲ್ಲ. ಅಡ್ಡಿಯಾಗುವುದು ಸಂದಿನೊಳಗಿನ ನೀರು. ದಿನಕ್ಕೆ ಎರಡು–ಮೂರು ಮಿಲಿಮೀಟರ್ ಆಳಕ್ಕೆ ಅದು ಗಟ್ಟಿಯಾಗುತ್ತದೆ, ಕನಿಷ್ಠ ಒಂದು ಪೂರ್ತಿ ದಿನ ನೀರು ತಾಗಿಸಬೇಡಿ.

ನೆಲ ಒಡೆಯಲೇಬೇಕಾದಾಗ

ನೀರು ನಿಲ್ಲಿಸಿದ ಪರೀಕ್ಷೆಯಲ್ಲಿ ಮಟ್ಟ ಇಳಿದು ಕೆಳಗಿನ ಚಾವಣಿ ಒದ್ದೆಯಾಗಿದ್ದರೆ ಗ್ರೌಟ್, ಸಿಲಿಕೋನ್ ಎರಡೂ ಸಾಲವು. ಟೈಲ್ಸ್ ಮೇಲೆ ಬಳಿಯುವ ಪಾರದರ್ಶಕ ದ್ರಾವಣಗಳು ಒಂದೆರಡು ವರ್ಷ ತಳ್ಳಬಹುದು, ಅದಕ್ಕಿಂತ ಹೆಚ್ಚಿನ ಭರವಸೆ ಬೇಡ. ಹಳೆಯ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಅಂಟಿಸುವುದನ್ನಂತೂ ಒಪ್ಪಬೇಡಿ, ಸೋರಿಕೆ ಅಡಿಯಲ್ಲಿ ಹಾಗೆಯೇ ಮುಂದುವರಿಯುತ್ತದೆ.

ಈ ಕೆಲಸ ಗಾರೆಯವರದು. ಆದರೆ ನೀವು ಪಕ್ಕದಲ್ಲಿ ನಿಂತು ನೋಡಬೇಕಾದ ಘಟ್ಟಗಳಿವೆ. ನೆಲ–ಗೋಡೆಯ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿ ಅದರ ಮೇಲೆ ಫೈಬರ್ ಜಾಲರಿ ಕೂರಿಸಬೇಕು. ಪೈಪು ನೆಲದಿಂದ ಹೊರಬರುವ ಪ್ರತಿ ಜಾಗಕ್ಕೂ, ನಹಾನಿ ಟ್ರ್ಯಾಪ್‌ನ ಕುತ್ತಿಗೆಗೂ ವಾಟರ್‌ಪ್ರೂಫ್ ಲೇಪ ತಾಗಬೇಕು. ಲೇಪ ಎರಡು ಸಲ ಆಗಬೇಕು, ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ. ಗೋಡೆಗೆ ಒಂದಡಿ ಎತ್ತರದವರೆಗೆ, ಷವರ್ ಇರುವ ಗೋಡೆಗೆ ಆರಡಿಯವರೆಗೆ ಲೇಪ ಏರಬೇಕು. ಅದು ಒಣಗಿದ ಮೇಲೆ ಮತ್ತೆ 24 ಗಂಟೆ ನೀರು ನಿಲ್ಲಿಸಿ ನೋಡಬೇಕು. ‘ಅದೆಲ್ಲ ಬೇಡ ಅಕ್ಕಾ, ನಾವು ಮಾಡಿದ್ದು ಸೋರುವುದಿಲ್ಲ’ ಎಂದು ಮೇಸ್ತ್ರಿ ಹೇಳಿದರೂ ಈ ಒಂದು ದಿನವನ್ನು ಬಿಟ್ಟುಕೊಡಬೇಡಿ. ಟೈಲ್ಸ್ ಕೂತ ಮೇಲೆ ಕೇಳುವವರಿಲ್ಲ.

ನೆಲಕ್ಕೆ ಒಂದಡಿ ಚೌಕದ, ದೊರಗು ಮೈಯ ಟೈಲ್ಸ್ ಆರಿಸಿ. ದೊಡ್ಡ ಟೈಲ್ಸ್‌ಗೆ ನಾಲ್ಕೂ ಕಡೆಯಿಂದ ಇಳಿಜಾರು ಕೊಡುವುದು ಕಷ್ಟ, ಹೊಳಪಿನ ಟೈಲ್ಸ್ ಒದ್ದೆಯಾದರೆ ಜಾರುತ್ತದೆ. ಲೆಕ್ಕಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ತನ್ನಿ, ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ. ಮೈಸೂರಿನಿಂದ ತರಿಸಿದ ಟೈಲ್ಸ್‌ನ ಬಣ್ಣ ಒಂದಕ್ಕೊಂದು ಹೊಂದದಿದ್ದರೆ ಬದಲಿಸಲು ಮತ್ತೆ ಮೈಸೂರಿಗೇ ಹೋಗಬೇಕು.

ಗಾಳಿಗೆ ದಾರಿ

ಚಳಿಗೆ ಹೆದರಿ ನಮ್ಮಲ್ಲಿ ಬಚ್ಚಲಿನ ಕಿಟಕಿ ಸಣ್ಣದಾಗಿ ಇಡುವುದು ವಾಡಿಕೆ, ಅದನ್ನೂ ಮುಚ್ಚಿಯೇ ಇಡುವುದು ಇನ್ನೊಂದು ವಾಡಿಕೆ. ಆವಿ ಎಲ್ಲಿಗೆ ಹೋಗಬೇಕು? ಆರು ಅಡಿಗೆ ಎಂಟು ಅಡಿ ಬಚ್ಚಲಿಗೆ ಆರು ಇಂಚಿನ ಎಕ್ಸಾಸ್ಟ್ ಫ್ಯಾನ್ ಧಾರಾಳ. ಅದನ್ನು ಆದಷ್ಟು ಮೇಲೆ, ಬಾಗಿಲಿಗೆ ಎದುರಿನ ಗೋಡೆಯಲ್ಲಿ ಇಡಿಸಿ. ಮುಂಗಾರು ಮಳೆ ಪಶ್ಚಿಮ, ನೈಋತ್ಯದಿಂದ ಹೊಡೆಯುವುದರಿಂದ ಆ ಗೋಡೆ ಬಿಟ್ಟು ಬೇರೆ ಗೋಡೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ತಾನಾಗಿ ಮುಚ್ಚಿಕೊಳ್ಳುವ ಪಟ್ಟಿಗಳ ಫ್ಯಾನ್ ತಂದು, ಮೇಲೆ ಒಂದು ಸಜ್ಜಾ ಕೊಡಿಸಿ.

ಫ್ಯಾನ್ ಗಾಳಿ ಎಳೆಯಬೇಕಾದರೆ ಗಾಳಿ ಒಳಗೆ ಬರುವ ದಾರಿಯೂ ಬೇಕು. ಬಾಗಿಲ ಅಡಿಯಲ್ಲಿ ಒಂದೂವರೆ ಸೆಂಟಿಮೀಟರ್ ಸಂದು ಸಾಕು. ಸ್ನಾನದ ಹೊತ್ತಿನಲ್ಲೂ, ಮುಗಿದ ಮೇಲೆ ಇಪ್ಪತ್ತು ನಿಮಿಷವೂ ಫ್ಯಾನ್ ಓಡಲಿ. ರಬ್ಬರ್ ಪಟ್ಟಿಯ ವೈಪರ್ ಒಂದನ್ನು ಗೋಡೆಗೆ ತೂಗುಹಾಕಿ, ಕೊನೆಗೆ ಸ್ನಾನ ಮಾಡಿದವರು ಗೋಡೆ, ನೆಲ ಎರಡನ್ನೂ ಎಳೆದು ಬರುವ ರೂಢಿ ಮಾಡಿಸಿ. ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಇದೊಂದೇ ಆಸರೆ.

ಬೂಷ್ಟು ಮತ್ತು ಕೆಂಪು ಕಲೆ

ಟೈಲ್ಸ್ ಮೇಲಿನ ಕಪ್ಪು ಬೂಷ್ಟಿಗೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಬ್ಲೀಚ್ ಹಚ್ಚಿದ ಜಾಗಕ್ಕೆ ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರನ್ನು ಯಾವ ಕಾರಣಕ್ಕೂ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಕೆಂಪು ಕಲೆಯ ಸಂಗತಿ ಬೇರೆ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬೇಸಿನ್‌ನಲ್ಲಿ, ಕಮೋಡಿನಲ್ಲಿ ತುಕ್ಕಿನ ಬಣ್ಣದ ಗೆರೆ ಇಳಿಯುತ್ತದೆ. ಇದಕ್ಕೆ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಬ್ಲೀಚ್ ತಾಗಿಸದ ಜಾಗಕ್ಕೆ ಬಿಸಿನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆ್ಯಸಿಡ್ ಅಥವಾ ನಿಂಬೆರಸ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಕಡಪಾ ಕಲ್ಲು, ಅಮೃತಶಿಲೆಯ ಮೇಲೆ ಯಾವ ಹುಳಿಯೂ ಬೀಳದಂತೆ ನೋಡಿಕೊಳ್ಳಿ, ಮೈ ತಿಂದುಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಕಡು ಆ್ಯಸಿಡ್ ಅಂತೂ ಕಲೆಯೊಂದಿಗೆ ಗ್ರೌಟನ್ನೂ ತಿನ್ನುತ್ತದೆ, ಅದನ್ನು ಮನೆಗೆ ತರಬೇಡಿ.

ಬಣ್ಣ ಬಳಿದ ಗೋಡೆಯಲ್ಲಿ ಬೂಷ್ಟು ಇದ್ದರೆ ಅದರ ಮೇಲೆಯೇ ಹೊಸ ಬಣ್ಣ ಬಳಿಯುವುದು ವ್ಯರ್ಥ. ಸಡಿಲವಾದದ್ದನ್ನು ಕೆರೆದು, ಬೂಷ್ಟು ನಾಶಕ ದ್ರಾವಣ ಹಚ್ಚಿ, ಗೋಡೆ ಪೂರ್ತಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಬೂಷ್ಟು ತಡೆಯುವ ಬಣ್ಣ. ಹಳೆಯ ಮಣ್ಣಿನ ಗೋಡೆಯ ಮನೆಯವರು ಸುಣ್ಣವನ್ನೇ ಉಳಿಸಿಕೊಳ್ಳಿ. ಸುಣ್ಣ ಬಳಿದ ಗೋಡೆ ತನ್ನೊಳಗಿನ ತೇವವನ್ನು ಹೊರಬಿಡುತ್ತದೆ, ಸುಣ್ಣದ ಕ್ಷಾರಕ್ಕೆ ಬೂಷ್ಟೂ ಸುಲಭಕ್ಕೆ ಹತ್ತುವುದಿಲ್ಲ. ಅದರ ಮೇಲೆ ಸಿಮೆಂಟ್ ಗಾರೆ, ಆಯಿಲ್ ಪೇಂಟ್ ಬಳಿದು ಉಸಿರು ಕಟ್ಟಿಸಿದರೆ ತೇವ ಒಳಗೇ ಉಳಿದು ಗೋಡೆಯ ಬುಡವನ್ನೇ ಮೆದುಮಾಡುತ್ತದೆ.

ಬಿಸಿನೀರು

ಇಲ್ಲಿ ಸ್ವಂತ ಕೈಚಳಕಕ್ಕೆ ಮಿತಿ ಇದೆ. ಗೀಸರ್‌ನ ವೈರಿಂಗ್, ಅರ್ಥಿಂಗ್ ಕೆಲಸಕ್ಕೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ. 16 ಆ್ಯಂಪಿಯರ್‌ನ ಪ್ರತ್ಯೇಕ ಲೈನ್, ಸ್ವಿಚ್ ಬಚ್ಚಲಿನ ಹೊರಗೆ, 30 ಮಿಲಿ ಆ್ಯಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇವೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಕರೆಂಟ್ ಕಡಿಯುತ್ತದೆಯೇ ನೋಡುವುದು ನಿಮ್ಮ ಕೆಲಸ.

ಗ್ಯಾಸ್ ಗೀಸರ್ ಬಚ್ಚಲಿನೊಳಗೆ ಇರಲೇಕೂಡದು. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಉರಿಯುವಾಗ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಸ್ನಾನಕ್ಕೆ ಹೋದವರು ಕುಸಿದು ಬೀಳುವುದು ಇದರಿಂದಲೇ. ಹೊರಗಿನ ಗೋಡೆಗೆ ಕೂರಿಸಿ ಬಿಸಿನೀರನ್ನು ಪೈಪಿನಲ್ಲಿ ಒಳಗೆ ತನ್ನಿ. ಬಟ್ಟೆ ಒಣಗಿಸಲು ಕೆಂಡದ ಅಗ್ಗಿಷ್ಟಿಕೆಯನ್ನು ಬಚ್ಚಲಿನಲ್ಲಿಟ್ಟು ಬಾಗಿಲು ಹಾಕುವುದೂ ಅಷ್ಟೇ ಅಪಾಯ.

ಮಳೆಗಾಲದಲ್ಲಿ ಸೋಲಾರ್ ಕೈಕೊಡುವ ನಮ್ಮಲ್ಲಿ ಸೌದೆಯ ಒಲೆ, ಹಂಡೆ ಇನ್ನೂ ಕೆಲಸಕ್ಕೆ ಬರುತ್ತವೆ. ಕಾಫಿ ಗಿಡದಿಂದ ಸವರಿ ತೆಗೆದ ರೆಂಬೆ, ಮರಗಪಾತಿನ (ನೆರಳುಮರಗಳ ಕೊಂಬೆ ಕಡಿದ) ಸೌದೆ ಮನೆಯಲ್ಲೇ ಇರುತ್ತದೆ. ಒಲೆಯ ಬಾಯಿ ಹೊರಗಿರಲಿ, ಹೊಗೆಕೊಳವೆಯ ಜೋಡಣೆಯಲ್ಲಿ ಬಿರುಕಿದ್ದರೆ ಮೇ ತಿಂಗಳಲ್ಲೇ ಮುಚ್ಚಿಸಿ. ಒಲೆಗೆ ತಾಗಿದ ಗೋಡೆಯ ಒಳಮೈ ಬೆಚ್ಚಗಿರುತ್ತದೆ. ಟವೆಲ್ ಕಂಬಿಯನ್ನು ಆ ಗೋಡೆಗೇ ಹಾಕಿ, ಜುಲೈನಲ್ಲೂ ಟವೆಲ್ ಒಣಗುತ್ತದೆ.

ಬಾಗಿಲು

ಜುಲೈನಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಮರದ ಬಾಗಿಲನ್ನು ಜುಲೈನಲ್ಲೇ ಉಜ್ಜುಕೊರಡಿನಿಂದ ತರೆದರೆ ಮಾರ್ಚ್‌ನಲ್ಲಿ ಅದು ಕುಗ್ಗಿ ಬೆರಳು ತೂರುವ ಸಂದು ಬೀಳುತ್ತದೆ. ಎಲ್ಲಿ ತಾಗುತ್ತದೆ ಎಂದು ಗುರುತು ಮಾತ್ರ ಮಾಡಿಕೊಂಡು ಬೇಸಿಗೆಯಲ್ಲಿ ಬಿಚ್ಚಿ. ಬಾಗಿಲಿನ ಅಡಿಯ ಅಂಚು ನೋಡಿ, ಬಡಗಿಯೂ ಪೇಂಟರೂ ಅಲ್ಲಿಗೆ ಬಣ್ಣ ಹಚ್ಚಿರುವುದಿಲ್ಲ. ನೀರು ಹೀರುವುದು ಅಲ್ಲಿಂದಲೇ. ಕೊಳೆತ ಭಾಗ ಕೆರೆದು, ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಿ, ಪ್ರೈಮರ್ ಮತ್ತು ಎರಡು ಕೋಟ್ ಬಣ್ಣ ಕೊಡಿ, ಒಳಮೈಗೆ ಒಂದಡಿ ಎತ್ತರದ ಅಲ್ಯುಮಿನಿಯಂ ತಗಡು ಹೊಡೆಯಿರಿ. ಕೀಲು, ಚಿಲಕ, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲ್‌ನದ್ದೇ ಇರಲಿ.

ಈಗ ಅಂದ

ಮೋಡ ಕವಿದ ತಿಂಗಳುಗಳಲ್ಲಿ ಬಚ್ಚಲು ಹಗಲಲ್ಲೂ ಕತ್ತಲು. ಅದಕ್ಕೇ ಗೋಡೆಗೆ ಕೆನೆ, ತಿಳಿಹಳದಿಯಂಥ ಬೆಚ್ಚನೆಯ ತೆಳುಬಣ್ಣ ಹೊಂದುತ್ತದೆ. ಅಚ್ಚ ಬಿಳಿಯ ಮೇಲೆ ಕೆಂಪು ನೀರಿನ ಕಲೆ ಎದ್ದು ಕಾಣುತ್ತದೆ, ಕಡುಬಣ್ಣದ ಮೇಲೆ ಸಾಬೂನಿನ ಬಿಳಿ ಪದರ. ದೀಪ 3000 ಕೆಲ್ವಿನ್‌ನ ಆಸುಪಾಸಿನ ಹಳದಿ ಛಾಯೆಯದಾಗಿರಲಿ, ನೀರಿನ ಸಿಡಿತ ತಡೆಯುವ ಐಪಿ 44 ಗುರುತಿನದಾಗಿರಲಿ. ಕನ್ನಡಿಯನ್ನು ಗೋಡೆಗೆ ಒತ್ತಿ ಅಂಟಿಸದೆ ಹಿಂದೆ ಕೆಲವು ಮಿಲಿಮೀಟರ್ ಸಂದು ಬಿಟ್ಟು ಕೂರಿಸಿದರೆ ಅಂಚು ಕಪ್ಪಾಗುವುದು ತಡವಾಗುತ್ತದೆ.

ಗೋಡೆಯ ಶೆಲ್ಫ್‌ಗಳಿಗೆ ಬಿದಿರು, ಪ್ಲೈವುಡ್ ಬೇಡ, ಗಾಜು ಅಥವಾ ಗ್ರಾನೈಟ್ ಚೂರು ಸಾಕು. ಗ್ರಾನೈಟ್ ಅಂಗಡಿಯಲ್ಲಿ ಉಳಿಕೆ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕಿಟಕಿಯ ಹೊರಗೆ, ಸಜ್ಜಾದ ಕೆಳಗೆ ಜರಿಗಿಡದ ಒಂದೆರಡು ಕುಂಡ ಇಡಿ. ಒಳಗೆ ಇಟ್ಟರೆ ಕುಂಡದ ಮಣ್ಣು ಮತ್ತಷ್ಟು ತೇವ ಕೂಡಿಸುತ್ತದೆ. ಬಳಕೆ ತಪ್ಪಿದ ತಾಮ್ರದ ಹಂಡೆ ಅಟ್ಟದಲ್ಲಿದ್ದರೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಮೂಲೆಯಲ್ಲಿಡಿ, ಅಷ್ಟು ಚಂದದ ಅಲಂಕಾರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಜ್ಜ ಅಜ್ಜಿ ಇರುವ ಮನೆಯಲ್ಲಿ ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ನೆಲದಿಂದ ಸುಮಾರು 80 ಸೆಂಟಿಮೀಟರ್ ಎತ್ತರಕ್ಕೆ ಹಿಡಿಕಂಬಿ ಹಾಕಿಸಿ. ಬಾಗಿಲಲ್ಲಿ ಮೆಟ್ಟಿಲಿದ್ದರೆ ಅದರ ಅಂಚಿಗೆ ಬೇರೆ ಬಣ್ಣದ ಪಟ್ಟಿ ಕೊಡಿ. ಕಂಬಿಯ ಬೋಲ್ಟ್ ಇಟ್ಟಿಗೆಗೆ ಗಟ್ಟಿಯಾಗಿ ಹಿಡಿದಿದೆಯೇ ಎಂದು ನಿಮ್ಮ ಪೂರ್ತಿ ಭಾರ ಹಾಕಿ ಎಳೆದು ನೋಡಿದ ಮೇಲೆಯೇ ಅವರ ಕೈಗೆ ಬಿಡಿ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. ಅತಿಥಿಗಳಿಲ್ಲದೆ ವಾರಗಟ್ಟಲೆ ಮುಚ್ಚಿದ ಕೋಣೆಯ ಬಚ್ಚಲು ನಾರುವುದು ಕೊಳೆಯಿಂದಲ್ಲ, ನಹಾನಿ ಟ್ರ್ಯಾಪ್‌ನಲ್ಲಿ ನಿಲ್ಲಬೇಕಾದ ನೀರು ಒಣಗಿರುತ್ತದೆ. ಆ ನೀರೇ ಚರಂಡಿಯ ವಾಸನೆಗೂ ಜಿರಳೆಗೂ ತಡೆ. ವಾರಕ್ಕೊಮ್ಮೆ ಬಾಗಿಲು ತೆಗೆದು ಪ್ರತಿ ತೂತಿಗೂ ಒಂದು ಚೊಂಬು ನೀರು ಹಾಕಿ, ಕಮೋಡ್ ಫ್ಲಶ್ ಮಾಡಿ, ಕಿಟಕಿ ತೆರೆದು ಅರ್ಧ ಗಂಟೆ ಬಿಟ್ಟು ಬನ್ನಿ. ಚರಂಡಿ ಹೊರಗೆ ತೆರೆದುಕೊಳ್ಳುವ ಬಾಯಿಗೆ ಸ್ಟೀಲ್ ಜಾಲರಿ ಹಾಕಿಸಿ, ಮಳೆಗಾಲದಲ್ಲಿ ಕಪ್ಪೆಯೂ ಹಾವೂ ಒಳಗೆ ಬರುವುದು ಅಲ್ಲಿಂದಲೇ. ಎಲೆ, ಕೂದಲು ಸಿಕ್ಕಿ ಆ ಜಾಲರಿ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಕೈಯಲ್ಲಿ ಬಿಚ್ಚಿ ತೊಳೆಯಲು ಬರುವಂಥ ಜಾಲರಿಯನ್ನೇ ಆರಿಸಿಕೊಳ್ಳಿ.